ದಡಾರದ ಸರ್ವೆ ಮತ್ತು ಕುರಿ ತಾತ

ಹೋದ ತಿಂಗಳು ಕೊರಟಗೆರೆಯಿಂದ ಮಧುಗಿರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಜಿಟಿಜಿಟಿ ಮಳೆ ಹಿಡಿದಿತ್ತು. ನಡುವೆ ಎಲ್ಲೋ ಒಬ್ಬ ಮುದುಕರು ಹತ್ತಿ ನನ್ನ ಪಕ್ಕದ ಸೀಟಿನಲ್ಲಿ ಕೂತರು. ಹೆಗಲ ಮೇಲೆ ನೆನೆದು ತೊಟ್ಟಿಕ್ಕುತ್ತಿದ್ದ ಕರಿ ಕಂಬಳಿ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ಮೂಗಿಗೆ ಸೆರಗು ಹಿಡಿದರು. ನಾನು ಮಾತ್ರ ಮೂಗು ಅರಳಿಸಿಕೊಂಡು ಕೂತಿದ್ದೆ. ನೆನೆದ ಉಣ್ಣೆ, ಕುರಿ ಹಿಕ್ಕೆ, ಆರಿದ ಬೀಡಿ... ಈ ಮೂರೂ ಕಲೆತ ವಾಸನೆ ನನ್ನ ಪಾಲಿಗೆ ಒಬ್ಬರದೇ. ಬುಕ್ಕಾಪಟ್ಟಣದ ಆಚೆಯ ಒಂದು ಹಟ್ಟಿಯ ಕುರಿ ತಾತನದು.

ಆಗ ನನಗೆ ಇಪ್ಪತ್ತನಾಲ್ಕು. ಸಮಾಜಕಾರ್ಯ ಓದಿ ಮುಗಿಸಿ, ಮಧುಗಿರಿಯ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದಾಗ ಒಂದು ಸಂಶೋಧನಾ ತಂಡದಲ್ಲಿ ಸರ್ವೆ ಕೆಲಸ ಸಿಕ್ಕಿತು. ಶಿರಾದಲ್ಲಿ ಒಂದು ರೂಮು, ಓಡಾಡಲು ಜೀಪು, ಕೊರಳಿಗೆ ಗುರುತಿನ ಚೀಟಿ, ಕೈಗೊಂದು ಟ್ಯಾಬ್. ಪುಕ್ಕಟೆ ಲಸಿಕೆ ಇದ್ದೂ ಆ ಸುತ್ತಿನ ಹಟ್ಟಿಗಳ ಮಕ್ಕಳಿಗೆ ಮತ್ತೆ ಮತ್ತೆ ದಡಾರ ಏಕೆ ಬರುತ್ತದೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕಿತ್ತು. ನಮ್ಮ ತಂಡದ ಮುಖ್ಯಸ್ಥೆ ಒಬ್ಬರು ಡಾಕ್ಟರು. ಅವರನ್ನು ನಾವೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದೆವು. ಹಟ್ಟಿಯವರು ನನ್ನನ್ನು ಕಂಡೊಡನೆ ಚಿಕ್ಕ ಮೇಡಮ್ಮ ಮಾಡಿಬಿಟ್ಟರು.

ತಾತನನ್ನು ಮೊದಲು ಕಂಡದ್ದು ಹೊಂಗೆ ಮರದ ಕೆಳಗೆ. ಒಂದು ಕುರಿಯನ್ನು ಅಂಗಾತ ಕೆಡವಿ, ತೊಡೆಯ ನಡುವೆ ಇಟ್ಟುಕೊಂಡು ಅದರ ಗೊರಸು ಕತ್ತರಿಸುತ್ತಿದ್ದರು. ನಾನು ಟ್ಯಾಬ್ ತೆರೆದು, ತರಬೇತಿಯಲ್ಲಿ ಕಲಿಸಿದ ಹಾಗೆ, ಈ ಮಾಹಿತಿಯನ್ನು ಗೋಪ್ಯವಾಗಿ ಇಡಲಾಗುವುದು, ನಿಮಗೆ ಇಷ್ಟವಿಲ್ಲದಿದ್ದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ಒಪ್ಪಿಗೆ ಪತ್ರ ಓದಿದೆ. ಅವರು ತಲೆ ಎತ್ತಲಿಲ್ಲ.

"ನೀನೊಂದು ಕೇಳು, ನಾನೊಂದು ಕೇಳ್ತೀನಿ. ಅಂಗಾದ್ರೆ ಸರಿ," ಅಂದರು.

ಒಪ್ಪಿದೆ. ಅವರೇ ಮೊದಲು ಕೇಳಿದರು. "ಕುರಿಗೆ ಪಿಪಿಆರ್ ಸೂಜಿ ಹಾಕ್ಸಿದ್ರೆ ಎಷ್ಟು ವರ್ಸ ತಡೀತದೆ?"

ನನಗೆ ಗೊತ್ತಿರಲಿಲ್ಲ. ಪಿಪಿಆರ್ ಎಂದರೆ ಕುರಿಗೆ ಬರುವ ಒಂದು ಸಾಂಕ್ರಾಮಿಕ ಎಂಬುದೇ ನನಗೆ ಅಂದು ತಿಳಿದದ್ದು.

"ಮೂರು ವರ್ಸ. ಸೂಜಿ ಲೆಕ್ಕ ಕೇಳಾಕೆ ಬಂದೀಯ, ಇಷ್ಟೂ ಗೊತ್ತಿಲ್ವಲ್ಲವ್ವ," ಎಂದು ಕುರಿಯನ್ನು ಬಿಟ್ಟು ಇನ್ನೊಂದನ್ನು ಕೆಡವಿದರು. ನನ್ನ ಸರದಿ ಬಂದಾಗ ನಾನು ಕೇಳಿದ್ದು, ಮನೆಯಲ್ಲಿ ಆರೋಗ್ಯದ ವಿಷಯಕ್ಕೆ ತೀರ್ಮಾನ ತೆಗೆದುಕೊಳ್ಳುವವರು ಯಾರು ಅಂತ. ಗಂಡ, ಹೆಂಡತಿ, ಅತ್ತೆ, ಮಾವ ಎಂದು ಟ್ಯಾಬಿನಲ್ಲಿ ಸಾಲಾಗಿ ಇದ್ದವು. ತಾತ ಕತ್ತರಿಯ ತುದಿಯಿಂದ ಮರದ ಆಚೆ ನಿಂತಿದ್ದ ಕೊಂಬಿನ ಟಗರನ್ನು ತೋರಿಸಿದರು.

"ಅದು."

"ತಾತ, ತಮಾಷೆ ಮಾಡಬೇಡಿ."

"ತಮಾಸೆ ಯಾಕ್ ಮಾಡ್ಲಿ? ಅದು ಎತ್ತ ನಡೀತದೋ ಮಂದೆ ಅತ್ತ. ಮಂದೆ ಎತ್ತಲೋ ನಾವೂ ಅತ್ತ. ಬರ್ಕೋ."

ನಾನು 'ಇತರೆ' ಎಂಬುದನ್ನು ಒತ್ತಿದೆ. ಪಕ್ಕದಲ್ಲಿ ವಿವರ ಬರೆಯಲು ಜಾಗವಿತ್ತು. ಅದನ್ನು ಖಾಲಿ ಬಿಟ್ಟೆ. ಇಡೀ ಸರ್ವೆಯಲ್ಲಿ ಅದಕ್ಕಿಂತ ಸರಿಯಾದ ಉತ್ತರ ನನಗೆ ಸಿಗಲಿಲ್ಲ ಎಂದು ತಿಳಿಯಲು ಎರಡು ತಿಂಗಳು ಹಿಡಿಯಿತು.

ಅಂದೇ ಇನ್ನೊಂದು ಎಡವಟ್ಟೂ ಬಯಲಾಯಿತು. ಅಷ್ಟರಲ್ಲಿ ಹನ್ನೊಂದು ದಿನದಿಂದ ನಾನು ಮನೆಮನೆಗೂ ಹೋಗಿ, ಮಕ್ಕಳಿಗೆ ದಡಾರ ಬಂದಿತ್ತಾ ಎಂದು ಕೇಳುತ್ತಿದ್ದೆ. ಎಲ್ಲರೂ ಇಲ್ಲ ಅಂದಿದ್ದರು. ದಡಾರವೇ ಇಲ್ಲದ ಊರುಗಳಲ್ಲಿ ದಡಾರದ ಸಂಶೋಧನೆ ಮಾಡುವುದು ಹೇಗೆ ಎಂದು ದೊಡ್ಡ ಮೇಡಂ ಚಿಂತೆಯಲ್ಲಿದ್ದರು. ತಾತನೂ ಇಲ್ಲ ಅಂದರು. ಆಮೇಲೆ ನಾನು ಮಗುವಿನ ಮೈಮೇಲಿನ ಗಂಧೆಯ ಫೋಟೊ ತೋರಿಸಿದ್ದೇ ಕತ್ತರಿ ಕೆಳಗಿಟ್ಟರು.

"ಇದಾ? ಇದು ಗೊಬ್ರ ಅಲ್ವಾ? ಈ ಹಟ್ಟೀಲಿ ಯಾವ ಮಗೀಗ್ ಬಂದಿಲ್ಲ ಕೇಳು. ದಡಾರ ಅಂದ್ರೆ ಯಾರ್ಗೆ ತಿಳೀತದೆ, ಅದು ಗೋಡೆ ಮೇಲೆ ಬರೆಯೋ ಮಾತು. ಗೊಬ್ರ ಬಂದಿತ್ತಾ ಅಂತ ಕೇಳು."

ಮಾರನೆಯ ದಿನ ನನ್ನ ಸರದಿ ಕಳ್ಳಂಬೆಳ್ಳ ಕಡೆಗೆ. ಅದು ಕೆರೆಯ ಬಯಲು, ಬೇಸಾಯದವರ ಊರುಗಳು. ಮೊದಲ ಮನೆಯ ಜಗಲಿಯಲ್ಲಿ ಕೂತಿದ್ದ ಯಜಮಾನರಿಗೆ, ಹೊಸ ಜ್ಞಾನದ ಹುರುಪಿನಲ್ಲಿ, "ನಿಮ್ಮ ಮನೆಗೆ ಗೊಬ್ಬರ ಬಂದಿತ್ತಾ?" ಎಂದು ಕೇಳಿದೆ.

"ಎಲ್ಲಿ ಬಂತು ಮೇಡಮ್ಮ, ಇನ್ನೂ ಲಾರೀನೇ ಬಂದಿಲ್ಲ. ಬರ್ಕೊಳ್ಳಿ, ಎರಡು ಮೂಟೆ ಯೂರಿಯಾ, ಒಂದು ಮೂಟೆ ಡಿಎಪಿ," ಅಂದರು.

ಅಲ್ಲ, ನಾನು ಕೇಳಿದ್ದು ಬೇರೆ ಗೊಬ್ಬರ ಎಂದು ವಿವರಿಸುವಷ್ಟರಲ್ಲಿ, ಗೊಬ್ಬರ ಬರೆದುಕೊಳ್ಳುವ ಮೇಡಂ ಬಂದಿದ್ದಾರೆ ಎಂದು ಬೀದಿಯಲ್ಲಿ ಸುದ್ದಿಯಾಗಿ, ಏಳೆಂಟು ಜನ ಪಹಣಿ, ಆಧಾರ್ ಕಾರ್ಡು ಹಿಡಿದು ಸಾಲು ನಿಂತಿದ್ದರು. ನಮ್ಮ ಜೀಪಿನ ಡ್ರೈವರ್ ಶಿರಾದ ಸಾಹೇಬರು. ತುಂಬ ಮರ್ಯಾದಸ್ಥರು. ಅವರು ಬಂದು, "ಮಾಫ್ ಮಾಡಿ, ಈ ಮೇಡಂ ಮಕ್ಕಳ ಗೊಬ್ಬರದವರು, ಹೊಲದ ಗೊಬ್ಬರದವರು ಬೇರೆ," ಎಂದು ಕೈಮುಗಿದು ನನ್ನನ್ನು ಜೀಪು ಹತ್ತಿಸಿದರು. ಸಂಜೆ ತಾತನಿಗೆ ಈ ಕಥೆ ಹೇಳಿದೆ. ಅವರು ನಕ್ಕ ನಗುವಿಗೆ ಕಂಬಳಿ ಹೆಗಲಿನಿಂದ ಜಾರಿ ಬಿತ್ತು. ಕುರಿಗಳೂ ಒಂದು ಹೆಜ್ಜೆ ಹಿಂದೆ ಸರಿದವು.

ಆ ಹನ್ನೊಂದು ದಿನದ ಮನೆಗಳಿಗೆಲ್ಲ ಮತ್ತೆ ಹೋಗಬೇಕಾಯಿತು. ಇಲ್ಲ ಅಂದವರೆಲ್ಲ ಈಗ ಹ್ಞೂಂ ಅಂದರು.

ಅಲ್ಲಿಂದ ತಾತ ಲೆಕ್ಕಕ್ಕಿಲ್ಲದ ಹಾಗೆ ನಮ್ಮ ತಂಡ ಸೇರಿಕೊಂಡರು. ನಮ್ಮ ದೊಡ್ಡ ಕಷ್ಟ ಮಕ್ಕಳ ವಯಸ್ಸಿನದು. ಲಸಿಕೆಯ ವಿಷಯದಲ್ಲಿ ಒಂಬತ್ತು ತಿಂಗಳೋ ಹತ್ತು ತಿಂಗಳೋ ಎಂಬುದು ಮುಖ್ಯ. ಹಟ್ಟಿಯಲ್ಲಿ ಕೇಳಿದರೆ, ಹುಲ್ಲು ಚಿಗುರುವ ಹೊತ್ತಿಗೆ ಹುಟ್ಟಿದ್ದು ಅನ್ನುತ್ತಿದ್ದರು. ತಾಯಿ ಕಾರ್ಡು ಕೆಲವರಲ್ಲಿ ಮಾತ್ರ ಇತ್ತು. ಇನ್ನು ಕೆಲವರಲ್ಲಿ ಅರ್ಧ ಇತ್ತು, ಉಳಿದರ್ಧವನ್ನು ಮೇಕೆ ತಿಂದಿತ್ತು. ತಾತ ಜಗಲಿಯ ಮೇಲೆ ಕೂತು ತೀರ್ಪು ಕೊಡುತ್ತಿದ್ದರು.

"ಇವ್ನು ಉಟ್ಟಿದ್ದು ನಮ್ಮ ಮೋಟುಕಿವಿ ಕುರಿ ಜೋಡಿ ಮರಿ ಹಾಕಿದ್ ವಾರ. ಆ ಮರಿಗೆ ಮೊದಲ್ನೇ ಸೂಜಿ ಹಾಕ್ಸಿದ್ದು ದಸರಾಕ್ಕೆ, ಆವಾಗದಕ್ಕೆ ನಾಕು ತಿಂಗ್ಳು. ನೀನೇ ಕಳ್ಕೋ."

ನಾನು ಕಳೆದುಕೊಂಡೆ. ಕಾರ್ಡು ಇದ್ದ ಮಕ್ಕಳದನ್ನು ತಾಳೆ ನೋಡಿದರೆ ಒಂದು ವಾರವೂ ಹೆಚ್ಚುಕಡಿಮೆ ಇರಲಿಲ್ಲ. ದೊಡ್ಡ ಮೇಡಂ ಖುದ್ದು ಬಂದು ನೋಡಿ ಬೆರಗಾದರು. ಸ್ಥಳೀಯ ಘಟನೆಗಳಿಂದ ವಯಸ್ಸು ಗುರುತಿಸುವುದು ಒಪ್ಪಿತವಾದ ವಿಧಾನವೇ, ವರದಿಯಲ್ಲಿ ಬರೆಯಬಹುದು ಅಂದರು. ಸ್ಥಳೀಯ ಘಟನೆ ಅಂದರೆ ಮೋಟುಕಿವಿ ಕುರಿ ಎಂದು ಎಲ್ಲೂ ಬರೆಯಲಿಲ್ಲ, ಅಷ್ಟೆ.

ತಾತನ ಮಂದೆಯಲ್ಲಿ ನೂರಕ್ಕೂ ಹೆಚ್ಚು ಕುರಿ. ಒಂದೊಂದಕ್ಕೂ ಯಾವ ಸೂಜಿ ಯಾವಾಗ ಆಯಿತು ಎಂಬುದು ಅವರ ಬಾಯಲ್ಲೇ ಇತ್ತು. ಅಂಥವರ ಮನೆಯಲ್ಲಿ ಒಂದೂವರೆ ವರ್ಷದ ಮೊಮ್ಮಗಳಿಗೆ ದಡಾರದ ಸೂಜಿ ಒಂದೂ ಆಗಿರಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ.

ತಾತ ಸ್ವಲ್ಪ ಹೊತ್ತು ಬೀಡಿ ಹುಡುಕಿದರು. "ಸಂಕ್ರಾಂತಿ ಕಳೀತಲೂ ನಾವು ಕುರಿ ಒಡ್ಕಂಡು ಪಾವಗಡ ಸೀಮೆಗೆ, ಅತ್ಲಾಗೆ ಆಂಧ್ರದ ಗಡಿಗೆ ಓಯ್ತೀವಿ. ಅವರಿವರ ಹೊಲದಾಗೆ ಕುರಿ ನಿಲ್ಸ್ಕಂಡು ಮುಂಗಾರು ಹತ್ರ ಬಂದಾಗ ತಿರುಗ್ತೀವಿ. ಈ ಮಗೀಗೆ ಒಂಬತ್ತು ತಿಂಗ್ಳು ತುಂಬ್ದಾಗ ಅಲ್ಲಿದ್ವಿ. ಇಲ್ಲಿ ಸಿಸ್ಟರಮ್ಮ ಗುರುವಾರ ಗುರುವಾರ ಅಂಗನವಾಡಿಗೆ ಬತ್ತಾಳಂತೆ. ನಾವೆಲ್ಲಿದ್ದೀವಿ, ಅವ್ಳ ಗುರುವಾರ ಎಲ್ಲೈತೆ?"

"ಅಲ್ಲಿಯ ಆಸ್ಪತ್ರೇಲಿ ಹಾಕಿಸಬಹುದಿತ್ತಲ್ಲ?"

"ನಮ್ಮ ಸೊಸೆ ಹೋಗಿದ್ಲು. ಅಲ್ಲೊಬ್ಬಮ್ಮ ತೆಲುಗಿನಾಗೆ ಏನೋ ಕೇಳಿದ್ಲಂತೆ. ಇವ್ಳು ಮಗಾ ಎತ್ಕಂಡು ಬಂದ್ಬುಟ್ಲು." ಬೀಡಿ ಸಿಕ್ಕಿತು, ಹಚ್ಚಲಿಲ್ಲ. "ಕುರಿ ಡಾಕ್ಟ್ರು ಕುರಿ ಎಲ್ಲೈತೋ ಅಲ್ಲಿಗೇ ಬತ್ತಾನೆ ಕಣವ್ವ. ನೀವು ಮಗೂನೇ ತಾ ಅಂತೀರ."

ಆ ಮಾತು ನನ್ನ ಟ್ಯಾಬಿನ ಯಾವ ಖಾನೆಗೂ ಹೋಗಲಿಲ್ಲ. ರೂಮಿಗೆ ಬಂದ ಮೇಲೆ ಅದನ್ನು ಹಾಗೇ ಬರೆದು ದೊಡ್ಡ ಮೇಡಂಗೆ ಕಳಿಸಿದೆ.

ವಾರ ಕಳೆದಿರಬೇಕು. ಬೆಳಿಗ್ಗೆ ಹಟ್ಟಿಗೆ ಹೋದಾಗ ತಾತನ ಮನೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಸೊಸೆ ಹೊಸಲಾಚೆಯೇ ನನ್ನನ್ನು ತಡೆದಳು. "ಅಮ್ಮ ಬಂದವ್ಳೆ ಮೇಡಮ್ಮ. ಹೊರಗ್ನೋರು ಬರಂಗಿಲ್ಲ." ಮೊಮ್ಮಗಳಿಗೆ ನಾಲ್ಕು ದಿನದಿಂದ ಜ್ವರ, ಕೆಮ್ಮು, ಕಣ್ಣು ಕೆಂಪು, ಈಗ ಮೈತುಂಬ ಗಂಧೆ. ನಾನು ಹೊಸಲಿನಿಂದಲೇ ಬಗ್ಗಿ ನೋಡಿದೆ. ಮಗು ಕಂಬಳಿಯ ಮೇಲೆ ಮಲಗಿತ್ತು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ತರಬೇತಿಯಲ್ಲಿ ದೊಡ್ಡ ಮೇಡಂ ಇದೇ ಥರದ ಒಂದು ವಿಡಿಯೊ ತೋರಿಸಿ, ಇದನ್ನು ಕಂಡರೆ ಸರ್ವೆ ಬಿಡಿ, ಆಸ್ಪತ್ರೆಗೆ ಓಡಿ ಎಂದಿದ್ದರು.

"ತಾತ, ಶಿರಾ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ಜೀಪಿದೆ."

"ಅಮ್ಮ ಇಳಿಯೋಗಂಟ ಹೊಸಲು ದಾಟಿಸಬಾರ್ದು," ಅಂದರು ತಾತ. ದನಿಯಲ್ಲಿ ಅವರ ಎಂದಿನ ಗತ್ತು ಇರಲಿಲ್ಲ.

ಎಷ್ಟು ಹೇಳಿದರೂ ಇಲ್ಲ. ನಾನು ಹೇಳಿದ ನ್ಯುಮೋನಿಯಾ ಎಂಬ ಶಬ್ದ ಗೋಡೆಗೆ ಬಡಿದು ವಾಪಸು ಬಂತು. ಕೊನೆಗೆ ಅಳು ಬರುವಂತಾಗಿ, "ಒಂದು ಮರಿ ಹೀಗೆ ಉಸಿರಾಡುತ್ತಿದ್ದರೆ ಏನು ಮಾಡುತ್ತಿದ್ರಿ?" ಅಂದೆ.

ತಾತ ನನ್ನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ ಮಗುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕುರಿಯ ಪಕ್ಕೆ ಮುಟ್ಟುವ ಹಾಗೇ ಅದರ ಪಕ್ಕೆಯ ಮೇಲೆ ಅಂಗೈ ಇಟ್ಟರು. ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರು. ಎದ್ದವರೇ ಮಗುವನ್ನು ಕಂಬಳಿ ಸಮೇತ ಎತ್ತಿಕೊಂಡರು.

"ಮಾವ, ಅಮ್ಮ ಮುನಿಸ್ಕಂತಾಳೆ," ಅಂದಳು ಸೊಸೆ.

"ಮನೇಲಿ ಒಬ್ಳೇ ಇದ್ದು ಅವ್ಳೇನ್ ಮಾಡ್ತಾಳೆ? ಅವ್ಳೂ ಬರ್ಲಿ," ಎಂದು ಬಾಗಿಲಿನ ಬೇವಿನ ಸೊಪ್ಪನ್ನು ಕಿತ್ತು ನನ್ನ ಕೈಗೆ ಕೊಟ್ಟರು. "ಜೀಪಿಗೆ ಕಟ್ಟು."

ಡ್ರೈವರ್ ಸಾಹೇಬರು ನನ್ನ ಕೈಯಿಂದ ಸೊಪ್ಪು ತೆಗೆದುಕೊಂಡು ಜೀಪಿನ ಮುಂದಕ್ಕೆ ಗಟ್ಟಿಯಾಗಿ ಕಟ್ಟಿದರು. ದಾರಿಯುದ್ದಕ್ಕೂ ಹಾರನ್ ಹೊಡೆಯಲಿಲ್ಲ. ಯಾಕೆ ಎಂದು ಆಮೇಲೆ ಕೇಳಿದರೆ, "ಒಳಗೆ ಅಮ್ಮನವರು ಕೂತಿದಾರೆ ಅಂತ ತಾತ ಹೇಳಿದ್ರಲ್ಲ ಮೇಡಂ," ಅಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಸ್ಟೆತಸ್ಕೋಪು ಕಿವಿಗೆ ಇಡುವ ಮೊದಲೇ ತಾತ, "ಎಡಗಡೆ ಕಟ್ಟೈತೆ, ಬಲಗಡೆ ಪರವಾಗಿಲ್ಲ," ಅಂದರು. ಡಾಕ್ಟರು ಆಲಿಸಿ ನೋಡಿ, "ಯಾರು ಹೇಳಿದ್ದು ನಿಮಗೆ?" ಎಂದು ಕೇಳಿದರು. "ಕೈ ಹೇಳ್ತು," ಅಂದರು ತಾತ. ಮಗುವಿಗೆ ಆಮ್ಲಜನಕ ಹಾಕಿದರು, ಇಂಜೆಕ್ಷನ್ ಕೊಟ್ಟರು, ವಿಟಮಿನ್ ಎ ಹನಿ ಕುಡಿಸಿದರು. ಕೈಗೆ ಸೂಜಿ ಚುಚ್ಚುವಾಗ ತಾತ ಥಟ್ಟನೆ ಹೊರಗೆ ಹೋದರು. ಬೀಡಿಗೆ ಹೋದರೆಂದು ಅಂದುಕೊಂಡೆ. ಎರಡು ದಿನ ಏನೂ ಹೇಳುವ ಹಾಗಿರಲಿಲ್ಲ. ನಾನು ಸರ್ವೆಗೆ ಹೋದರೂ ಮನಸ್ಸು ವಾರ್ಡಿನಲ್ಲೇ ಇರುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಹೋದಾಗ ಮಗು ಎದ್ದು ಕೂತು, ತಾತನ ಮೀಸೆ ಹಿಡಿದು ಜಗ್ಗುತ್ತಿತ್ತು. ತಾತನ ಕಣ್ಣಲ್ಲಿ ನೀರು. "ಮೀಸೆ ನೋಯ್ತದೆ ಕಣವ್ವ," ಅಂದರು.

ಹಟ್ಟಿಗೆ ಮರಳಿದ ಮೇಲೆ ತಾತ ಒಂದು ತೀರ್ಮಾನ ಮಾಡಿದರು. ಸಂಕ್ರಾಂತಿಗೆ ಮಂದೆ ಹೊರಡುವ ಮೊದಲು ಹಟ್ಟಿಯ ಒಂದು ಮಗುವೂ ಸೂಜಿ ತಪ್ಪಿಸಿಕೊಳ್ಳಬಾರದು. ಆರೋಗ್ಯ ಕೇಂದ್ರದ ಸಿಸ್ಟರಮ್ಮನಿಗೆ ನನ್ನ ಫೋನಿನಿಂದಲೇ ಮಾತಾಡಿದರು. ಆಕೆ ಗುರುವಾರವಲ್ಲದ ದಿನ, ಅಂಗನವಾಡಿಗಲ್ಲ, ಹಟ್ಟಿಗೇ ಬರಲು ಒಪ್ಪಿದರು. ಜಾಗ ಯಾವುದು ಎಂದರೆ ತಾತನ ಕುರಿ ರೊಪ್ಪ, ಅಂದರೆ ಜಾಲಿ ಮುಳ್ಳಿನ ಬೇಲಿ ಹಾಕಿದ ದೊಡ್ಡಿ. "ಒಂದೇ ಬಾಗ್ಲು. ಒಳಗ್ ಬಂದೋರು ಸೂಜಿ ಆಗದೆ ಹೊರಗ್ ಹೋಗಾಕಾಗಲ್ಲ," ಎಂಬುದು ಅವರ ವಿವರಣೆ.

ಬೆಳಿಗ್ಗೆ ರೊಪ್ಪ ಗುಡಿಸಿ, ನೀರು ಚಿಮುಕಿಸಿ, ಸಿಸ್ಟರಮ್ಮನಿಗೆ ಕುರ್ಚಿ ಹಾಕಿದ್ದರು. ಮಕ್ಕಳನ್ನು ಹೊಡೆದುಕೊಂಡು ಬಂದ ರೀತಿಯೋ... ತಾತ ಹಿಂದೆ, ಎರಡೂ ಕೈ ಅಗಲಿಸಿ, ನಾಲಿಗೆಯಲ್ಲಿ ಟುರ್ ಟುರ್ ಎನ್ನುತ್ತ. ತಾಯಂದಿರು ಅಕ್ಕಪಕ್ಕ. ಮಕ್ಕಳು ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಒಳಗಿದ್ದರು. ಬಾಗಿಲಲ್ಲಿ ತಾತ ತಲೆ ಎಣಿಸಿದರು. ಸೂಜಿ ಆದ ಮಕ್ಕಳ ಬೆರಳಿಗೆ ಸಿಸ್ಟರಮ್ಮ ಪೆನ್ನಿನಿಂದ ಗುರುತು ಹಾಕುತ್ತಿದ್ದರು. ಅದು ತಾತನಿಗೆ ಸರಿಬರಲಿಲ್ಲ. "ಅದ್ಯಾರ ಕಣ್ಣಿಗ್ ಕಾಣ್ತದೆ?" ಎಂದು ಕುರಿಗೆ ಹಚ್ಚುವ ಕೆಂಪು ಬಣ್ಣದ ಡಬ್ಬಿ ತಂದರು. ಸಿಸ್ಟರಮ್ಮ ಬೇಡ ಬೇಡ ಎನ್ನುವಷ್ಟರಲ್ಲಿ ಮೂರು ಮಕ್ಕಳ ಅಂಗಿಯ ಬೆನ್ನಿಗೆ ಒಂದೊಂದು ಪಟ್ಟೆ ಎಳೆದಾಗಿತ್ತು. ಆ ಮೂವರ ತಾಯಂದಿರಿಂದ ತಾತ ಕೇಳಿದ ಬೈಗುಳವನ್ನು ಇಲ್ಲಿ ಬರೆಯಲಾರೆ.

ಎಲ್ಲ ಮುಗಿಯುವ ಹೊತ್ತಿಗೆ ಸಿಸ್ಟರಮ್ಮನ ಕಣ್ಣು ತಾತನ ಕಾಲಿಗೆ ಬಿತ್ತು. ಹಿಂದಿನ ದಿನ ತಂತಿಬೇಲಿ ತರಚಿದ ಗಾಯ. "ತಾತ, ಟಿಟಿ ಸೂಜಿ ಹಾಕಿಸ್ಕೊಳ್ಳಿ, ನನ್ನ ಹತ್ರ ಐತೆ," ಅಂದರು. ತಾತನ ಮುಖ ಬಿಳಿಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

"ನಂಗ್ಯಾಕೆ? ಮುದಿ ಟಗರಿಗೆ ಯಾರಾದ್ರೂ ಸೂಜಿ ಹಾಕ್ತಾರಾ?" ಎಂದು ಮೆಲ್ಲಗೆ ಬಾಗಿಲ ಕಡೆ ಸರಿದರು. ಆಸ್ಪತ್ರೆಯಲ್ಲಿ ಅವರು ಬೀಡಿಗೆ ಹೋಗಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಸಾವಿರ ಕುರಿಗಳನ್ನು ತೊಡೆಯಲ್ಲಿ ಅದುಮಿ ಹಿಡಿದು ಸೂಜಿ ಹಾಕಿಸಿದ ಮನುಷ್ಯನಿಗೆ ಸೂಜಿ ಎಂದರೆ ಪ್ರಾಣಭಯ.

ಮಕ್ಕಳು ಬಿಡಬೇಕಲ್ಲ. ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಅಗಲಿಸಿ ಟುರ್ ಟುರ್ ಎಂದರು. ಒಳಗೆ ಬಂದವರು ಸೂಜಿ ಆಗದೆ ಹೊರಗೆ ಹೋಗುವಂತಿಲ್ಲ ಎಂಬ ಕಾನೂನು ತಾತನದೇ. ತಾತ ಕುರ್ಚಿಯಲ್ಲಿ ಕೂತು, ಮುಖ ಆಚೆ ತಿರುಗಿಸಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಅವಳಿಗೆ ಧೈರ್ಯ ಹೇಳುವುದಕ್ಕೆ ಎಂದು ಹೇಳಿಕೊಂಡರು. ಅವಳು ಕಾಯಿಲೆಯಿಂದ ಎದ್ದು ತಿಂಗಳಾಗಿತ್ತು, ಅವಳ ಸೂಜಿಯೂ ಅರ್ಧ ಗಂಟೆಯ ಹಿಂದೆಯೇ ಮುಗಿದು ಪೆಪ್ಪರಮೆಂಟು ಚೀಪುತ್ತಿದ್ದಳು. ಚುಚ್ಚಿ ಮುಗಿದ ಮೇಲೂ ತಾತ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ, "ಇಷ್ಟೇನಾ?" ಅಂದರು. ಹಟ್ಟಿಗೆ ಹಟ್ಟಿಯೇ ನಕ್ಕಿತು.

ಸರ್ವೆ ಮುಗಿಯಿತು. ಮಕ್ಕಳ ಲಸಿಕೆ ತಪ್ಪುತ್ತಿದ್ದದ್ದು ಹಟದಿಂದಲ್ಲ, ಮಂದೆಯ ದಾರಿಯಿಂದ ಎಂದು ದೊಡ್ಡ ಮೇಡಂ ವರದಿಯಲ್ಲಿ ಬರೆದರು. ಮಂದೆಗಳು ಯಾವ ತಿಂಗಳು ಎಲ್ಲಿರುತ್ತವೆ ಎಂಬ ನಕ್ಷೆಯನ್ನು ತಾತ ನೆಲದ ಮೇಲೆ ಕೋಲಿನಲ್ಲಿ ಗೀರಿದರು, ನಾನು ಕಾಗದಕ್ಕೆ ಇಳಿಸಿದೆ. ಆಮೇಲಿನ ವರ್ಷ ಪಾವಗಡದ ಕಡೆಯ ಒಬ್ಬ ಸಿಸ್ಟರು ಹೊಲದಲ್ಲಿದ್ದ ಮಂದೆಯ ಹತ್ತಿರಕ್ಕೇ ಲಸಿಕೆ ಡಬ್ಬಿ ಹೊತ್ತು ಬಂದರಂತೆ. ತಾತ ಫೋನು ಮಾಡಿಸಿ ಹೇಳಿದರು. "ತೆಲುಗಿನೋಳೇ, ಆದ್ರೆ ಒಳ್ಳೇವ್ಳು. ನಾನೇ ಎಲ್ರನ್ನೂ ಹಿಡ್ಕಂಡಿದ್ದೆ." ನಿಮಗೂ ಹಾಕಿದರಾ ಎಂದು ಕೇಳಿದೆ. ಸಿಗ್ನಲ್ ಸರಿ ಇಲ್ಲ ಎಂದು ಫೋನು ಇಟ್ಟರು.

ಬೇರೆ ಬೇರೆ ಸರ್ವೆಗಳು ಬಂದವು, ಕೊರಟಗೆರೆಗೆ ವರ್ಗವಾದೆ. ಫೋನು ಕಡಿಮೆಯಾಯಿತು. ಮೂರು ವರ್ಷದ ಹಿಂದೆ ಸೊಸೆ ಫೋನು ಮಾಡಿ, ಮಾವ ಹೋಗ್ಬುಟ್ರು, ಪಾವಗಡದ ಹತ್ರ, ಊಟ ಮಾಡಿ ಮರದ ಕೆಳಗೆ ಮಲಗಿದ್ದೋರು ಏಳಲಿಲ್ಲ ಅಂದಳು. ತಿಥಿಗೆ ಬರುತ್ತೇನೆ ಅಂದೆ. ಹೋಗಲಿಲ್ಲ. ಯಾವುದೋ ತರಬೇತಿ ಇತ್ತು... ಏನಿತ್ತು ಎಂದು ಈಗ ನೆನಪೂ ಇಲ್ಲ.

ಬಸ್ಸಿನಲ್ಲಿ ಆ ಮುದುಕರು ಪಕ್ಕ ಕೂತ ಮೇಲಿನ ಭಾನುವಾರ ಹಟ್ಟಿಗೆ ಹೋದೆ. ಸೊಸೆ ದೂರದಿಂದಲೇ ಗುರುತು ಹಿಡಿದು, ಕೈ ಒರೆಸಿಕೊಳ್ಳುತ್ತ ಬಂದಳು. ಮೊಮ್ಮಗಳು ಶಾಲೆಗೆ ಹೋಗುತ್ತಾಳೆ, ಎರಡು ಜಡೆ, ಮುಂದಿನ ಹಲ್ಲು ಬಿದ್ದಿದೆ. ತಾತ ನೆನಪಿದ್ದಾರಾ ಎಂದು ಕೇಳಿದೆ. ಅವಳು ಅಮ್ಮನ ಮುಖ ನೋಡಿ, "ಇಲ್ಲ ಮಿಸ್. ಫೋಟೊದಾಗೆ ನೋಡಿದೀನಿ," ಅಂದಳು. ಆಸ್ಪತ್ರೆಗೆ ಎತ್ತಿಕೊಂಡು ಹೋದದ್ದನ್ನು ಹೇಳತೊಡಗಿದೆ. ಅರ್ಧ ಕೇಳಿಸಿಕೊಂಡಳು. ಗೆಳತಿಯರು ಕರೆದರು, ಓಡಿಹೋದಳು.

"ಅವ್ಳಿಗೆ ಒಂದೂ ಗ್ಯಾನ ಇಲ್ಲ," ಅಂದಳು ಸೊಸೆ.

ನಾವಿಬ್ಬರೂ ರೊಪ್ಪದ ಹತ್ತಿರ ಕೂತು ಅವರ ಮಾತೇ ಆಡಿದೆವು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಹೇಳಿದೆವು. ಸಂಜೆ ಕುರಿಗಳನ್ನು ಮನೆಗೆ ಕರೆಯುವಾಗ ಅವರು ಒಂದು ಕೂಗು ಹಾಕುತ್ತಿದ್ದರು. ಅದು ಹೇಗಿತ್ತು ಎಂಬಲ್ಲಿ ಮಾತ್ರ ಇಬ್ಬರಿಗೂ ತಡೆಯಿತು. ನನ್ನ ಕೈಯಲ್ಲಂತೂ ಆಗಲಿಲ್ಲ. ಸೊಸೆ ಎದ್ದು ನಿಂತು, ಬಾಯಿಗೆ ಅಂಗೈ ಅಡ್ಡ ಹಿಡಿದು, ಎರಡು ಸಲ ಕೂಗಿದಳು. ಸುಮಾರು ಹಾಗೇ ಇತ್ತು ಅನ್ನಿಸಿತು.

ರೊಪ್ಪದಲ್ಲಿ ಒಂದು ಕುರಿಯೂ ತಲೆ ಎತ್ತಲಿಲ್ಲ.

"ಹಳೇವೆಲ್ಲ ಕೊಟ್ಬುಟ್ವಿ ಮೇಡಮ್ಮ," ಅಂದಳು. "ಇವು ಆಮೇಲೆ ಉಟ್ಟಿದ್ವು."